ಹೃದಯ ಬರೆದ ಉಪ್ಪಿನ ಓಲೆ

ಕನ್ನಡದಲ್ಲಿ ‘ಎದೆ’ ಎಂಬ ಎರಡಕ್ಷರದ ಮಾತು ಹೊತ್ತಿರುವಷ್ಟು ಹೊರೆಯನ್ನು ದೇಹದ ಬೇರೆ ಯಾವ ಅಂಗದ ಹೆಸರೂ ಹೊತ್ತಿರಲಾರದು. ಅಂಜಿದವನ ಎದೆ ನಡುಗುತ್ತದೆ, ಸೋತವನು ಎದೆಗುಂದುತ್ತಾನೆ, ಎದುರಿಸಿ ನಿಂತವನನ್ನು ಎದೆಗಾರನೆಂದು ಹೊಗಳುತ್ತೇವೆ. ಸಂಸ್ಕೃತದಿಂದ ಬಂದ ‘ಹೃದಯ’ವಾದರೋ ಕಾವ್ಯಮೀಮಾಂಸೆಯಲ್ಲಿ ಎತ್ತರದ ಪೀಠವನ್ನೇರಿ, ಓದಬಲ್ಲವನಿಗೆ ‘ಸಹೃದಯ’ನೆಂಬ ಬಿರುದನ್ನೇ ದಯಪಾಲಿಸಿತು. ವೈದ್ಯಶಾಸ್ತ್ರ ಹಿಡಿದ ದಾರಿ ಬೇರೆ. ೧೬೨೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದಂದಿನಿಂದ, ಹೃದಯವೆಂದರೆ ರಕ್ತವನ್ನು ನೂಕುವ ಮಾಂಸದ ಯಂತ್ರ ಎಂಬ ತಿಳಿವಳಿಕೆ ಅಲ್ಲಿ ನೆಲೆಯೂರಿತು. ಕವಿಯ ಹೃದಯ ಒಂದು, ವೈದ್ಯನ ಹೃದಯ ಇನ್ನೊಂದು ಎಂದು ನಾವು ಎರಡು ಖಾತೆಗಳನ್ನು ತೆರೆದಿಟ್ಟುಕೊಂಡೆವು.

ಈ ಎರಡನೆಯ ಖಾತೆಗೆ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಒಂದು ವಿಚಿತ್ರವಾದ ಜಮೆ ಬಿದ್ದಿತು. ಹೃದಯವು ಯಂತ್ರವಾಗಿರುವುದರ ಜೊತೆಗೆ ಒಂದು ಗ್ರಂಥಿಯೂ ಹೌದು. ತನ್ನ ಮೇಲೆ ಬಿದ್ದ ಭಾರವನ್ನು ಅದು ರಾಸಾಯನಿಕ ಓಲೆಯಾಗಿ ಬರೆದು ರಕ್ತದಲ್ಲಿ ತೇಲಿಬಿಡುತ್ತದೆ ಎಂಬ ಸಂಗತಿ ಅದು. ಆ ಓಲೆಯನ್ನು ಇಂದು ಪ್ರಯೋಗಶಾಲೆಗಳಲ್ಲಿ ಅಳೆಯುತ್ತಾರೆ; ‘ಜೈವಿಕ ಸೂಚಕ’ವೆಂದು ಕರೆಯುತ್ತಾರೆ. ಕನ್ನಡ ಪಾಠ ಹೇಳುವವನಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸವುಂಟು. ಒಂದೇ ಪದ ಎರಡು ಅರ್ಥಗಳನ್ನು ಸೂಚಿಸಿದಾಗ ಯಾವುದನ್ನು ಹಿಡಿಯಬೇಕೆಂಬುದು ನಮ್ಮ ಶಾಸ್ತ್ರದ ಹಳೆಯ ಪ್ರಶ್ನೆ. ದುರ್ಬಲಗೊಂಡ ಹೃದಯದ ಲಯವೂ ತಪ್ಪಿದಾಗ ವೈದ್ಯರ ಮುಂದೆ ಬಂದು ನಿಲ್ಲುವುದೂ ಅದೇ ಪ್ರಶ್ನೆ.

ಮೊದಲು ಲಯದ ಮಾತು. ಆರೋಗ್ಯವಂತನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ೬೦ರಿಂದ ೧೦೦ ಸಲ ಮಿಡಿಯುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಜೀವಕೋಶಗಳ ಒಂದು ಪುಟ್ಟ ಗುಂಪು ವಿದ್ಯುತ್ತಿನ ಸಂಜ್ಞೆ ಕೊಡುತ್ತದೆ. ಮೊದಲು ಮೇಲಿನ ಎರಡು ಕರ್ಣಗಳು, ಕ್ಷಣಾರ್ಧದ ತರುವಾಯ ಕೆಳಗಿನ ಎರಡು ಹೃತ್ಕುಕ್ಷಿಗಳು ಕುಗ್ಗುತ್ತವೆ. ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬರುವ ಮಂದಾನಿಲ ರಗಳೆಯಂತೆ ಅದರ ನಡೆ. ಎಂದಾದರೊಮ್ಮೆ ಮಿಡಿತವೊಂದು ಮುಂಚಿತವಾಗಿ ಬಂದರೆ ಗಣವೊಂದು ತಪ್ಪಿದ ಹಾಗೆ. ಮುಂದಿನ ಸಾಲಿಗೆ ಲಯ ಮರಳುತ್ತದೆ. ‘ಏಟ್ರಿಯಲ್ ಫಿಬ್ರಿಲೇಷನ್’, ಎಂದರೆ ಹೃತ್ಕರ್ಣಗಳ ಕಂಪನ, ಹೀಗೆ ಮರಳುವಂಥದಲ್ಲ. ಅಲ್ಲಿ ಕರ್ಣಗಳಲ್ಲಿ ನಿಮಿಷಕ್ಕೆ ೩೫೦ರಿಂದ ೬೦೦ರವರೆಗೆ ಗೊತ್ತುಗುರಿಯಿಲ್ಲದ ಸಂಜ್ಞೆಗಳು ಏಳುತ್ತವೆ. ಕರ್ಣಗಳು ಕುಗ್ಗುವುದನ್ನು ಬಿಟ್ಟು ಬರಿದೆ ಅದುರುತ್ತವೆ. ನಡುವೆ ದ್ವಾರಪಾಲಕನಂತಿರುವ ಒಂದು ಗಂಟು ಆ ಸಂಜ್ಞೆಗಳಲ್ಲಿ ಕೆಲವನ್ನು ಮಾತ್ರ ಕೆಳಕ್ಕೆ ಬಿಡುವುದರಿಂದ ನಾಡಿಯೇನೋ ಉಳಿದಿರುತ್ತದೆ. ಆದರೆ ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವಣ ಅಂತರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇದಕ್ಕೆ ಯಾವ ಛಂದಸ್ಸಿನಲ್ಲೂ ಪ್ರಸ್ತಾರ ಹಾಕಲಾಗದು.

ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡಿಗೆಗೆ ಹೋಲಿಸಿದ ಶಾರ್ಙ್ಗಧರ ಸಂಹಿತೆಯು ತಡೆತಡೆದು ನಡೆಯುವ ನಾಡಿಯನ್ನು ಪ್ರಾಣಕ್ಕೆ ಕೇಡೆಂದು ಎಣಿಸಿತ್ತು. ಇಂಗ್ಲೆಂಡಿನ ಬರ್ನ್‌ಲಿ ಎಂಬ ಗಿರಣಿಯೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಜೇಮ್ಸ್ ಮೆಕೆಂಜಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕೈಯ ನಾಡಿಯನ್ನೂ ಕೊರಳ ನಾಡಿಯನ್ನೂ ಜೊತೆಯಾಗಿ ಕಾಗದದ ಮೇಲೆ ಬರೆಯುವ ಉಪಕರಣವನ್ನು ಬಳಸಿ, ಲಯ ಕೆಟ್ಟಾಗ ಕರ್ಣಗಳ ಅಲೆಯೇ ಕಾಣೆಯಾಗುವುದನ್ನು ಗುರುತಿಸಿದನು. ಹಾಲೆಂಡಿನ ವಿಲೆಮ್ ಐಂಟ್‌ಹೋವೆನ್ ಸಿದ್ಧಪಡಿಸಿದ ವಿದ್ಯುತ್ ಹೃಲ್ಲೇಖ ಯಂತ್ರ ಆತನಿಗೆ ೧೯೨೪ರ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟಿತು. ಅದಕ್ಕೂ ಮೊದಲೇ, ೧೯೦೯ರಲ್ಲಿ, ಆ ಯಂತ್ರದ ನೆರವಿನಿಂದ ಲಂಡನ್ನಿನ ಥಾಮಸ್ ಲೂಯಿಸ್ ಈ ಅನಿಯತ ನಾಡಿಯ ಮೂಲ ಕರ್ಣಗಳ ಕಂಪನದಲ್ಲಿದೆಯೆಂದು ತೋರಿಸಿಕೊಟ್ಟಿದ್ದನು.

ಇನ್ನು ಹೃದಯವೈಫಲ್ಯ. ಈ ಹೆಸರೇ ಕೇಳಿದವರನ್ನು ಬೆದರಿಸುತ್ತದೆ. ಹೃದಯ ನಿಂತುಹೋಯಿತೆಂದು ಅದರ ಅರ್ಥವಲ್ಲ. ದೇಹ ಕೇಳಿದಷ್ಟು ರಕ್ತವನ್ನು ಅದು ಸರಾಗವಾಗಿ ಒದಗಿಸಲಾರದು ಎಂದಷ್ಟೆ. ಕೆಲವರಲ್ಲಿ ಹೃತ್ಕುಕ್ಷಿ ಸೋತು ನೂಕುವ ಬಲ ಕುಂದಿರುತ್ತದೆ. ಮತ್ತೆ ಕೆಲವರಲ್ಲಿ, ವಿಶೇಷವಾಗಿ ವಯಸ್ಸಾದವರಲ್ಲಿಯೂ ಸ್ಥೂಲಕಾಯರಲ್ಲಿಯೂ ರಕ್ತದೊತ್ತಡ ಉಳ್ಳವರಲ್ಲಿಯೂ, ನೂಕುವ ಬಲ ನೆಟ್ಟಗಿದ್ದರೂ ಗೋಡೆ ಬಿರುಸಾಗಿ, ರಕ್ತವನ್ನು ಬರಮಾಡಿಕೊಳ್ಳುವ ಗುಣ ತಗ್ಗಿರುತ್ತದೆ. ಎರಡರ ಫಲವೂ ಒಂದೆ. ಒತ್ತಡ ಹಿಂದಕ್ಕೇರಿ ಶ್ವಾಸಕೋಶದಲ್ಲಿ ನೀರೂರುತ್ತದೆ, ಕಾಲು ಬಾಯುತ್ತದೆ, ನಾಲ್ಕು ಮೆಟ್ಟಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ.

ಈ ಎರಡು ವ್ಯಾಧಿಗಳ ನಂಟು ಬೀಜವೃಕ್ಷ ನ್ಯಾಯದ್ದು. ಹೃತ್ಕುಕ್ಷಿಯ ಒತ್ತಡ ಹಿಂದಕ್ಕೆ ತಳ್ಳಿದಾಗ ಕರ್ಣ ಹಿಗ್ಗುತ್ತದೆ, ಹಿಗ್ಗಿದ ಕರ್ಣದ ಮಾಂಸದಲ್ಲಿ ನಾರು ಬೆಳೆದು ಸಂಜ್ಞೆ ದಾರಿ ತಪ್ಪುತ್ತದೆ, ಲಯ ಕೆಡುತ್ತದೆ. ಲಯ ಕೆಟ್ಟ ಕರ್ಣ ಹೃತ್ಕುಕ್ಷಿಯನ್ನು ತುಂಬಿಸುವ ತನ್ನ ಕೊನೆಯ ನೂಕನ್ನು ಕೊಡಲಾರದು, ಮಿಡಿತದ ಓಟ ಹೆಚ್ಚಿದಂತೆಲ್ಲ ಹೃತ್ಕುಕ್ಷಿ ತುಂಬಲು ವ್ಯವಧಾನವೂ ಸಾಲದು, ವೈಫಲ್ಯ ಬಲಿಯುತ್ತದೆ. ಯಾವುದು ಮೊದಲು, ಯಾವುದು ಅನಂತರ ಎಂದು ಒಬ್ಬ ರೋಗಿಯಲ್ಲಿ ನಿಶ್ಚಯಿಸುವುದು ಹಲವು ಸಲ ಸಾಧ್ಯವಾಗದು.

ಓಲೆಯ ಕಥೆ ಇಲ್ಲಿಂದ ಆರಂಭವಾಗುತ್ತದೆ. ೧೯೫೬ರಲ್ಲಿ ಬ್ರೂನೋ ಕಿಷ್ ಎಂಬ ವಿಜ್ಞಾನಿ ಗಿನಿಯಿಲಿಯ ಹೃತ್ಕರ್ಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಗ್ರಂಥಿಗಳಲ್ಲಿರುವಂಥ ಸಣ್ಣ ಸಣ್ಣ ಕಣಗಳನ್ನು ಕಂಡನು. ಮಾಂಸದ ಯಂತ್ರಕ್ಕೆ ಈ ಕಣಗಳೇಕೆ? ಕಾಲು ಶತಮಾನ ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ೧೯೮೧ರಲ್ಲಿ ಕೆನಡದ ಕಿಂಗ್‌ಸ್ಟನ್ ನಗರದಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಆತನ ಸಂಗಡಿಗರು ಇಲಿಯ ಹೃತ್ಕರ್ಣವನ್ನು ಅರೆದು, ಅದರ ಸಾರವನ್ನು ಬೇರೆ ಇಲಿಗಳ ರಕ್ತಕ್ಕೆ ಸೇರಿಸಿದರು. ಕೆಲವೇ ನಿಮಿಷಗಳಲ್ಲಿ ಆ ಇಲಿಗಳ ಮೂತ್ರದಲ್ಲಿ ಉಪ್ಪೂ ನೀರೂ ಹಲವು ಪಟ್ಟು ಏರಿದವು. ಹಿಗ್ಗಿದ ಕರ್ಣ ಮೂತ್ರಪಿಂಡಕ್ಕೆ ಕಳುಹಿಸುವ ಸಂದೇಶವನ್ನು ಅವರು ಹಿಡಿದಿದ್ದರು. ‘ಭಾರ ಹೆಚ್ಚಿತು, ಉಪ್ಪನ್ನೂ ನೀರನ್ನೂ ಹೊರಗೆ ಬಿಡು’ ಎಂಬುದೇ ಆ ಓಲೆಯ ಒಕ್ಕಣೆ. ೧೯೮೮ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಕುಲದ ಇನ್ನೊಂದು ವಸ್ತುವನ್ನು ಹಂದಿಯ ಮಿದುಳಿನಲ್ಲಿ ಕಂಡುಹಿಡಿದು ಅದಕ್ಕೆ ಮಿದುಳಿನ ಹೆಸರನ್ನೇ ಇಟ್ಟರು. ಅದು ಮುಖ್ಯವಾಗಿ ಹುಟ್ಟುವುದು ಹೃತ್ಕುಕ್ಷಿಯಲ್ಲಿ ಎಂದು ತಿಳಿಯುವ ವೇಳೆಗೆ ಹೆಸರು ಅಂಟಿಕೊಂಡಿತ್ತು. ಬಿಎನ್‌ಪಿ ಎಂಬ ಸಂಕ್ಷೇಪದ ಮೊದಲಕ್ಷರ ಇಂದಿಗೂ ಮಿದುಳಿನದೇ.

ಈ ಓಲೆ ಹೃದಯದಿಂದ ಹೊರಡುವಾಗ ೧೦೮ ಅಮೈನೋ ಆಮ್ಲಗಳ ಒಂದು ಸರ. ದಾರಿಯಲ್ಲಿ ಅದು ಎರಡಾಗಿ ಒಡೆಯುತ್ತದೆ. ೩೨ರ ತುಂಡು ಬಿಎನ್‌ಪಿ. ಕೆಲಸ ಮಾಡುವುದು ಅದೇ. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದರ ಅರ್ಧ ಕರಗಿಹೋಗುತ್ತದೆ. ೭೬ರ ತುಂಡಿಗೆ ಎನ್‌ಟಿ-ಪ್ರೊಬಿಎನ್‌ಪಿ ಎಂದು ಹೆಸರು. ಕೆಲಸವಿಲ್ಲದ ಈ ತುಂಡು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಅಳೆಯಲು ಅನುಕೂಲ. ಅಳತೆಯ ಮಾನ ಪಿಕೋಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ೨೦೦೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಏದುಸಿರಿನಿಂದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ೧,೫೮೬ ಮಂದಿಯ ಬಿಎನ್‌ಪಿಯನ್ನು ಅಳೆದು, ಏದುಸಿರಿಗೆ ಹೃದಯ ಕಾರಣವೋ ಶ್ವಾಸಕೋಶ ಕಾರಣವೋ ಎಂದು ನಿರ್ಣಯಿಸಲು ಮಿಲಿಲೀಟರಿಗೆ ೧೦೦ ಪಿಕೋಗ್ರಾಂ ಎಂಬ ಗಡಿ ಬಹುಮಟ್ಟಿಗೆ ಉಪಯುಕ್ತವೆಂದು ತೋರಿಸಿದರು. ಅಂದಿನಿಂದ ಈ ಪರೀಕ್ಷೆ ಲೋಕವನ್ನೆಲ್ಲ ವ್ಯಾಪಿಸಿತು.

ತೊಡಕು ಹುಟ್ಟುವುದು ಇಲ್ಲಿಯೇ. ಲಯ ತಪ್ಪಿದ ಕರ್ಣ, ವೈಫಲ್ಯದ ಗುರುತು ಬೇರೇನೂ ಕಾಣದವರಲ್ಲಿ ಕೂಡ, ಈ ಓಲೆಯನ್ನು ಬರೆಯುತ್ತದೆ. ವೈಫಲ್ಯಕ್ಕೀಡಾದ ಹೃದಯವೂ ಅದನ್ನೇ ಬರೆಯುತ್ತದೆ. ಲಿಪಿ ಒಂದೆ, ಭಾಷೆ ಒಂದೆ, ಸಹಿಯೂ ಒಂದೆ. ನಮ್ಮ ಶಬ್ದಶಾಸ್ತ್ರದಲ್ಲಿ ‘ಸೈಂಧವವನ್ನು ತಾ’ ಎಂಬ ಉದಾಹರಣೆ ಪ್ರಸಿದ್ಧ. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಕೇಳಿದರೆ ಉಪ್ಪನ್ನು ತರಬೇಕು; ಪಯಣಕ್ಕೆ ಹೊರಟು ನಿಂತವನು ಕೇಳಿದರೆ ಕುದುರೆಯನ್ನು ತರಬೇಕು. ಅರ್ಥವನ್ನು ಗೊತ್ತುಮಾಡುವುದು ಪ್ರಕರಣ. ಈ ಉಪ್ಪಿನ ಓಲೆಯ ಮಟ್ಟಿಗೂ ಹಾಗೆಯೇ: ಮೈಯಲ್ಲಿ ಉಪ್ಪುನೀರು ತುಂಬಿದೆಯೆಂದು ಹೃದಯ ಹೇಳುತ್ತಿದೆಯೋ, ಲಗಾಮಿಲ್ಲದ ಕುದುರೆಯಂತೆ ಕರ್ಣ ಓಡುತ್ತಿದೆಯೆಂದು ಹೇಳುತ್ತಿದೆಯೋ ಎಂಬುದನ್ನು ಸಂಖ್ಯೆಯೊಂದೇ ತಿಳಿಸಲಾರದು.

ವೈದ್ಯಲೋಕ ಇದಕ್ಕೆ ಕಂಡುಕೊಂಡ ಮೊದಲ ಉಪಾಯ ಗಡಿಯನ್ನು ಎತ್ತರಿಸುವುದು. ೨೦೧೯ರಲ್ಲಿ ಯೂರೋಪಿನ ಹೃದಯವೈಫಲ್ಯ ತಜ್ಞರ ಸಂಘ, ಬಿರುಸು ಹೃದಯದ ವೈಫಲ್ಯವನ್ನು ಗುರುತಿಸಲು ಮಾಡಿದ ಸೂತ್ರದಲ್ಲಿ, ಲಯ ನೆಟ್ಟಗಿದ್ದವರಿಗೆ ಎನ್‌ಟಿ-ಪ್ರೊಬಿಎನ್‌ಪಿ ೨೨೦ನ್ನು ಮೀರಿದರೆ ಅದನ್ನು ಪ್ರಮುಖ ಸಾಕ್ಷ್ಯವೆಂದು ಎಣಿಸಿತು. ಕರ್ಣಕಂಪನವಿದ್ದವರಿಗೆ ಅದೇ ಗಡಿಯನ್ನು ಮೂರು ಪಟ್ಟು ಎತ್ತರಿಸಿ ೬೬೦ ಎಂದಿತು. ೨೦೨೧ರಲ್ಲಿ ಪ್ರಕಟವಾದ ಎಂಪಗ್ಲಿಫ್ಲೋಜಿನ್ ಔಷಧದ ದೊಡ್ಡ ಪ್ರಯೋಗಕ್ಕೆ ರೋಗಿಗಳನ್ನು ಆರಿಸುವಾಗ ೩೦೦ ಮತ್ತು ೯೦೦ ಎಂಬ ಜೋಡಿ ಗಡಿಗಳಿದ್ದವು; ಮರುವರ್ಷ ಪ್ರಕಟವಾದ ಡಪಗ್ಲಿಫ್ಲೋಜಿನ್ ಪ್ರಯೋಗದಲ್ಲಿ ಅವು ೩೦೦ ಮತ್ತು ೬೦೦. ಒಂದೆಡೆ ಮೂರು ಪಟ್ಟು, ಇನ್ನೊಂದೆಡೆ ಎರಡು ಪಟ್ಟು! ಬಲ್ಲವರಲ್ಲೇ ಈ ವ್ಯತ್ಯಾಸವಿರುವುದನ್ನು ನೋಡಿದರೆ, ಇವು ಪ್ರಕೃತಿ ಎಳೆದ ಗೆರೆಗಳಲ್ಲ, ಮನುಷ್ಯರು ವಿವೇಚಿಸಿ ಒಪ್ಪಿಕೊಂಡ ಗೆರೆಗಳು ಎಂಬುದು ಸ್ಪಷ್ಟವಾಗುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್ಕಿನ ವಿದ್ವಾಂಸರು ೨೦೧೮ರಲ್ಲಿ ಹಿಡಿದ ದಾರಿ ಇದಕ್ಕೆ ತೀರ ಭಿನ್ನವಾದುದು. ಕಾರಣ ತಿಳಿಯದ ಏದುಸಿರಿನ ಹಿಂದೆ ಬಿರುಸು ಹೃದಯವಿದೆಯೇ ಎಂದು ಊಹಿಸಲು ಅವರು ಒಂಬತ್ತು ಅಂಕಗಳ ಒಂದು ಲೆಕ್ಕವನ್ನು ಮಾಡಿದರು. ಅದರಲ್ಲಿ ಕರ್ಣಕಂಪನವೊಂದಕ್ಕೇ ಮೂರು ಅಂಕ. ನಮ್ಮ ಓಲೆಗೆ ಅಲ್ಲಿ ಒಂದು ಅಂಕವೂ ಇಲ್ಲ. ಒಂದು ಪಂಥಕ್ಕೆ ಲಯದೋಷವು ಸಾಕ್ಷ್ಯವನ್ನು ಮಸುಕುಗೊಳಿಸುವ ಮಂಜು. ಇನ್ನೊಂದಕ್ಕೆ ಅದೇ ಸಾಕ್ಷ್ಯ. ವಯಸ್ಸಾದವರ ಲಯ ತಪ್ಪಿದಾಗ ಏರಿದ ಸಂಖ್ಯೆಯನ್ನು ‘ಲಯದಿಂದ ಬಂದದ್ದು’ ಎಂದು ತಳ್ಳಿಹಾಕಿದರೆ, ಅದೇ ಹೊತ್ತಿಗೆ ಮೊಳೆಯುತ್ತಿರುವ ವೈಫಲ್ಯವನ್ನು ಕಾಣದೆ ಹೋಗುವ ಅಪಾಯವುಂಟು. ಏರಿದ ಸಂಖ್ಯೆಯನ್ನೆಲ್ಲ ವೈಫಲ್ಯವೆಂದರೆ, ಇಲ್ಲದ ರೋಗಕ್ಕೆ ಮದ್ದು ಕುಡಿಸಿದಂತಾದೀತು.

ನಮ್ಮ ಮನೆಯಲ್ಲಿಯೇ ಈ ಪ್ರಶ್ನೆ ಎದ್ದಿತ್ತು. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ನನ್ನ ತಾಯಿಯವರಿಗೆ ಈಗ ಎಪ್ಪತ್ತಾರು. ಹೋದ ವರ್ಷ ಅವರ ಕಾಲು ಬಾತು, ದೇವರ ಮನೆಯಿಂದ ಅಡಿಗೆ ಮನೆಗೆ ನಡೆದರೆ ಉಸಿರು ಕಟ್ಟುವಂತಾಯಿತು. ರಕ್ತಪರೀಕ್ಷೆಯ ಹಾಳೆಯಲ್ಲಿ ೧,೧೮೦ ಎಂದಿತ್ತು. ಬದಿಯಲ್ಲಿ ೧೨೫ ಎಂಬ ಗಡಿ ಅಚ್ಚಾಗಿತ್ತು. “ಅಣ್ಣ, ಒಂಬತ್ತು ಪಟ್ಟಿಗೂ ಹೆಚ್ಚು” ಎಂದು ನನ್ನ ತಮ್ಮ ಕುಸಿದು ಕುಳಿತ. ವೈದ್ಯರು ಹೃಲ್ಲೇಖದ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿ, “ಮೇಷ್ಟ್ರೇ, ಆ ಹಾಳೆಯನ್ನು ಇದರ ಪಕ್ಕದಲ್ಲಿಟ್ಟು ಓದಿ” ಎಂದರು. ಪಟ್ಟಿಯಲ್ಲಿ ಲಯವಿರಲಿಲ್ಲ. ಪ್ರತಿಧ್ವನಿ ಪರೀಕ್ಷೆಯಲ್ಲಿ ನೂಕುವ ಬಲ ಸರಿಯಾಗಿತ್ತು, ಎಡ ಕರ್ಣ ಹಿಗ್ಗಿತ್ತು. ಮೂತ್ರಪಿಂಡ ತುಸು ಬಳಲಿತ್ತು. “ಈ ಸಂಖ್ಯೆಯಲ್ಲಿ ಲಯದ ಪಾಲೆಷ್ಟು, ನೀರಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಕೊಯ್ದು ಹೇಳಲಾರೆ. ಆದರೆ ಕಾಲು ಒತ್ತಿದರೆ ಕುಳಿ ಬೀಳುತ್ತಿದೆ, ಕೊರಳ ನಾಳ ಉಬ್ಬಿದೆ. ನೀರಿದೆ ಎಂಬುದರಲ್ಲಿ ಸಂಶಯವಿಲ್ಲ” ಎಂದರು. ನೀರಿಳಿಸುವ ಗುಳಿಗೆ, ಮಿಡಿತದ ಓಟ ತಗ್ಗಿಸುವ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು: ಹೀಗೆ ಮೂರನ್ನು ಬರೆದುಕೊಟ್ಟರು. ಮೂರು ವಾರ ಕಳೆದ ಮೇಲೆ ತೂಕ ಮೂರು ಕಿಲೋ ಇಳಿದಿತ್ತು, ಸಂಖ್ಯೆ ೭೪೦ಕ್ಕೆ ಬಂದಿತ್ತು. ಲಯ ಅಂದೂ ತಪ್ಪಿತ್ತು, ಇಂದೂ ತಪ್ಪಿತ್ತು. “ಇಳಿದದ್ದು ನೀರು ಮತ್ತು ಓಟ ತಗ್ಗಿದ್ದರ ಫಲ. ಉಳಿದದ್ದರಲ್ಲಿ ಲಯಕ್ಕೂ ವಯಸ್ಸಿಗೂ ಪಾಲುಂಟು. ಇನ್ನು ಮುಂದೆ ಇವರಿಗೆ ೧೨೫ ಗಡಿಯಲ್ಲ, ಈ ೭೪೦ ಗುರುತು” ಎಂದರು ವೈದ್ಯರು. ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ ನಮ್ಮ ತಾಯಿ ಎಲ್ಲವನ್ನೂ ಕೇಳಿ, “ಅಂಕ ಇಳಿದರೆ ಪಾಸು ಮಾಡುವ ಪರೀಕ್ಷೆ ಇದೊಂದೇ ಕಣಪ್ಪ” ಎಂದರು.

ಆ ವೈದ್ಯರ ಮಾತಿನಲ್ಲಿದ್ದದ್ದು ಶುದ್ಧ ಪ್ರಕರಣಜ್ಞಾನ. ಒಬ್ಬರ ಸಂಖ್ಯೆಯನ್ನು ಅಚ್ಚಾದ ಗಡಿಯೊಡನೆ ಹೋಲಿಸುವುದಕ್ಕಿಂತ ಅವರದೇ ಹಿಂದಿನ ಸಂಖ್ಯೆಯೊಡನೆ ಹೋಲಿಸುವುದು ಹೆಚ್ಚು ಅರ್ಥವತ್ತಾದುದು. ಪ್ರಕರಣವೆಂದರೆ ಲಯವೊಂದೇ ಅಲ್ಲ. ವಯಸ್ಸು ಏರಿದಂತೆ ಈ ಸಂಖ್ಯೆ ಏರುತ್ತದೆ. ಮೂತ್ರಪಿಂಡ ಸೋತರೂ ಏರುತ್ತದೆ. ಸ್ಥೂಲಕಾಯರಲ್ಲಿ ರೋಗವಿದ್ದರೂ ತಗ್ಗಿ ಕಾಣುತ್ತದೆ. ೨೦೧೪ರ ದೊಡ್ಡ ಪ್ರಯೋಗವೊಂದರ ಅನಂತರ ಬಳಕೆಗೆ ಬಂದ ಸಕುಬಿಟ್ರಿಲ್ ಸೇರಿದ ಔಷಧ, ಬಿಎನ್‌ಪಿಯನ್ನು ಕರಗಿಸುವ ಕಿಣ್ವವನ್ನೇ ತಡೆಯುವುದರಿಂದ, ಅದನ್ನು ಸೇವಿಸುವವರಲ್ಲಿ ಬಿಎನ್‌ಪಿಯ ಅಳತೆ ದಾರಿ ತಪ್ಪಿಸಬಹುದು. ಆಗ ಇನ್ನೊಂದು ತುಂಡನ್ನು, ಎನ್‌ಟಿ-ಪ್ರೊಬಿಎನ್‌ಪಿಯನ್ನು, ನಂಬುವುದು ಲೇಸು. ಲಯ ಸರಿಪಡಿಸಿದಾಗ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ಕೆಲವರಿಗೆ ಲಯವನ್ನು ಮರಳಿಸುವ ಪ್ರಯತ್ನವೇ ಹಿತವೆಂದು ೨೦೧೮ರಲ್ಲಿ ಪ್ರಕಟವಾದ, ೩೬೩ ರೋಗಿಗಳ ಒಂದು ಪ್ರಯೋಗ ತೋರಿಸಿತು. ನೂಕುಬಲ ಕುಂದಿ ಲಯವೂ ತಪ್ಪಿದ್ದ ಅವರಲ್ಲಿ, ಕ್ಯಾಥಿಟರಿನಿಂದ ಕರ್ಣದ ದೋಷದ ತಾಣಗಳನ್ನು ಸುಟ್ಟ ಪಂಗಡದಲ್ಲಿ ಸಾವು ಇಲ್ಲವೆ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರಿಕೆ ಶೇಕಡ ೨೮.೫, ಔಷಧವನ್ನಷ್ಟೇ ಪಡೆದವರಲ್ಲಿ ೪೪.೬.

ಹೃದಯ ಬರೆಯುವ ಓಲೆ ಇದೊಂದೇ ಅಲ್ಲ. ಹೃದಯದ ಜೀವಕೋಶ ನವೆದಾಗ ಟ್ರೊಪೋನಿನ್ ರಕ್ತಕ್ಕೆ ಸೋರುತ್ತದೆ. ಮಾಂಸದಲ್ಲಿ ನಾರು ಬೆಳೆಯುವಾಗ ಗ್ಯಾಲೆಕ್ಟಿನ್-೩, ಎಸ್‌ಟಿ೨ ಎಂಬ ವಸ್ತುಗಳು ಏರುತ್ತವೆ. ಲಯ ತಪ್ಪಿದವರಲ್ಲಿ ಎನ್‌ಟಿ-ಪ್ರೊಬಿಎನ್‌ಪಿಯೂ ಟ್ರೊಪೋನಿನ್ನೂ ಹೆಚ್ಚಿದ್ದಷ್ಟು ಮಿದುಳಿನ ಆಘಾತದ ಸಂಭವವೂ ಹೆಚ್ಚೆಂದು ಕಂಡು, ಸ್ವೀಡನ್ನಿನ ಉಪ್ಸಲದ ವಿದ್ವಾಂಸರು ೨೦೧೬ರಲ್ಲಿ ವಯಸ್ಸು, ಈ ಎರಡು ಸೂಚಕಗಳು, ಹಿಂದಿನ ಆಘಾತ ಇಷ್ಟನ್ನೇ ಕೂಡಿಸಿ ಒಂದು ಗಣನೆಯನ್ನು ರಚಿಸಿದರು. ಕರ್ಣಕಂಪನದಲ್ಲಿ ನಿಜವಾಗಿ ಅಂಜಬೇಕಾದದ್ದು ಈ ಆಘಾತಕ್ಕೇ. ಅದುರುವ ಕರ್ಣದ ಮೂಲೆಯಲ್ಲಿ ರಕ್ತ ನಿಂತು, ಹೆಪ್ಪುಗಟ್ಟಿ, ಮಿದುಳಿಗೆ ಸಾಗಬಹುದು.

ಸಂಖ್ಯೆಯನ್ನೇ ಗುರಿಯಾಗಿಟ್ಟುಕೊಂಡು ಔಷಧ ಕೊಟ್ಟರೆ ಹೇಗೆ ಎಂಬ ಪರೀಕ್ಷೆಯೂ ನಡೆದಿದೆ. ಉತ್ತರ ಅಮೆರಿಕದಲ್ಲಿ ೮೯೪ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದರಲ್ಲಿ ಎನ್‌ಟಿ-ಪ್ರೊಬಿಎನ್‌ಪಿಯನ್ನು ೧,೦೦೦ಕ್ಕಿಂತ ಕೆಳಗಿಳಿಸುವುದನ್ನೇ ಗುರಿ ಮಾಡಿಕೊಂಡರು. ಇನ್ನೊಂದರಲ್ಲಿ ವೈದ್ಯರು ಎಂದಿನಂತೆ ನಡೆದುಕೊಂಡರು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡಕ್ಕೂ ಭೇದ ಕಾಣಲಿಲ್ಲ. ಓಲೆ ಬಂದಿತೆಂದು ತಿಳಿಯುವುದು ಬೇರೆ, ಓಲೆಯನ್ನು ಅಳಿಸುವುದರಿಂದ ರೋಗ ಅಳಿದೀತೆಂದು ನಂಬುವುದು ಬೇರೆ. ಆದರೆ ಓಲೆ ವ್ಯರ್ಥವೆಂದು ಇದರಿಂದ ಎಣಿಸಬಾರದು. ೨೦೨೨ರಲ್ಲಿ ಪ್ರಕಟವಾದ ೧,೦೭೮ ಮಂದಿಯ ಇನ್ನೊಂದು ಪ್ರಯೋಗದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೊರಟವರಿಗೆ ಔಷಧದ ಪ್ರಮಾಣವನ್ನು ಬೇಗಬೇಗನೆ ಏರಿಸುತ್ತ, ಪ್ರತಿ ಭೇಟಿಯಲ್ಲೂ ದೇಹಪರೀಕ್ಷೆಯೊಡನೆ ಈ ಸಂಖ್ಯೆಯನ್ನೂ ಕಾವಲಿಗಿಟ್ಟುಕೊಂಡಾಗ ಸಾವೂ ಆಸ್ಪತ್ರೆಗೆ ಮರಳುವುದೂ ಕಡಮೆಯಾದವು. ಯಜಮಾನನಾಗಿ ಸೋತ ಸಂಖ್ಯೆ ಕಾವಲುಗಾರನಾಗಿ ಗೆದ್ದಿತು.

ವಿದ್ಯಾರ್ಥಿಗಳಿಗೂ ಉಪಾಧ್ಯಾಯ ಮಿತ್ರರಿಗೂ ಕೊನೆಯದಾಗಿ ಒಂದು ಬಿನ್ನಹ. ಮನೆಯಲ್ಲಿ ಹಿರಿಯರಿದ್ದರೆ, ಅವರ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿಯನ್ನು ಆಲಿಸಿ. ಅದರಲ್ಲಿ ಲಯ ಸಿಗದಿದ್ದರೆ ಹೃಲ್ಲೇಖ ತೆಗೆಸಿ. ಆ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಮುಂದೆ ರಕ್ತಪರೀಕ್ಷೆಯ ಸಂಖ್ಯೆ ಕೈಗೆ ಬಂದಾಗ ವೈದ್ಯರನ್ನು ಮೂರು ಮಾತು ಕೇಳಿ: ರಕ್ತ ತೆಗೆದಾಗ ಲಯ ಹೇಗಿತ್ತು? ಮೂತ್ರಪಿಂಡ, ದೇಹದ ತೂಕ, ಸೇವಿಸುತ್ತಿರುವ ಔಷಧ ಇವನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಇವರದೇ ಹಿಂದಿನ ಸಂಖ್ಯೆ ಎಷ್ಟಿತ್ತು? ಪದದ ಅರ್ಥವನ್ನು ವಾಕ್ಯದಲ್ಲಿಟ್ಟು ಹುಡುಕುವುದನ್ನು ಕಲಿತವರಿಗೆ ಈ ಪ್ರಶ್ನೆಗ‌ಳು ಹೊಸವಲ್ಲ. ವರದಿಯ ಬದಿಯಲ್ಲಿ ಅಚ್ಚಾಗಿರುವುದು ಒಂದೇ ಗಡಿ. ಅದನ್ನು ಓದುವವರ ಇನ್ನೊಂದು ಕೈಯಲ್ಲಿ ಹೃಲ್ಲೇಖದ ಪಟ್ಟಿಯೂ ಇರಲಿ.